ಪ್ರಜ್ಞಾಳ ಪುಟಕ್ಕೆ ಬಿದ್ದ ಆಯೇರಿ

ಯಾವನಲೇ ಅವ, 'ಸಿದ್ರಾಮ ಕಾಕಾನ ನೆನಪು ಹೋಗೈತಿ, ಪ್ರಜ್ಞಾ ಆ ಪದ ಹಾಡಿದ ಊರು ಹೋದ ಸಲ ಚಡಚಣ ಅಂದಿದ್ದ, ಈಗ ಮುಳವಾಡ ಅಂತಾನ' ಅಂತ ಗ್ರೂಪಿನ್ಯಾಗ ಬರದಾವ? ಚಡಚಣ ಅಂತ ನಾ ಅಂದೇ ಇಲ್ಲ. ಬೇಕಾದ್ರ ಹಳೇ ವಾಯ್ಸ್ ಹಚ್ಚಿ ಕೇಳ್ರಿ. ಸಣ್ಣಾಟದಾಗ ಹಾರ್ಮೋನಿಯಂ ಪೇಟಿ ಬಾರಿಸಿ ಬಾರಿಸಿ ಮುದುಕ ಆಗೇನಿ. ಯಾವ ಊರಾಗ ಯಾರ ದನಿ ಎಲ್ಲಿ ಏರಿತ್ತು, ಎಲ್ಲಿ ಇಳಿದಿತ್ತು, ನನ್ನ ಬೆರಳಿಗೆ ಗೊತ್ತೈತಿ. ನಿಮಗ ನಿನ್ನಿ ಉಂಡ ಪಲ್ಲೆ ನೆನಪಿರೂದಿಲ್ಲ, ನನಗ ಹೇಳಾಕ ಬರ್ತೀರಿ. ಬಾಯಿ ಮುಚ್ಚಿ ಕೇಳ್ರಿ.

ಇಂಡಿ ಊರಿನ ಹುಲಿಗೆವ್ವನ ಮಗಳು ಪ್ರಜ್ಞಾ ನಮ್ಮ ಮೇಳದ ನಾಯಕಿ. ಸಣ್ಣಾಟ ಅಂದರೆ ಮಾತಿಗಿಂತ ಹಾಡೇ ಹೆಚ್ಚು. ಅಳುವುದೂ ಹಾಡಿನಲ್ಲಿ, ಬೈಯುವುದೂ ಹಾಡಿನಲ್ಲಿ. ಮುಳವಾಡದಲ್ಲಿ ಅವಳು ಗಂಡನ ಮೇಲೆ ಸಿಟ್ಟಾಗುವ ಪದ ಎತ್ತಿದಾಗ ಚಹಾ ಮಾರುವವನು ಕೆಟಲಿ ಕೆಳಗಿಟ್ಟು ನಿಂತುಬಿಟ್ಟ. ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುವ ಸುಜಾತಾ ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಳು. ಮುಂದಿನ ಸಾಲಿನಲ್ಲಿ ಬಸವನ ಬಾಗೇವಾಡಿಯ ಹೈಸ್ಕೂಲ್ ಮಾಸ್ತರ ಅಮಿತ ಕೂತಿದ್ದ. ಅವನು ಕಣ್ಣು ಒರೆಸಿಕೊಂಡದ್ದನ್ನು ನಾನು ಪೇಟಿ ಬಿಡದೆಯೇ ಕಂಡೆ.

ಆಮೇಲೆ ಪ್ರಜ್ಞಾಳ ಗಂಟಲಲ್ಲಿ ಗಂಟು ಬೆಳೆಯಿತು. ಸೊಲ್ಲಾಪುರದ ಡಾಕ್ಟರು ಆಪರೇಷನ್ ಮಾಡಲೇಬೇಕು ಅಂದರು. ದನಿ ಉಳಿಯುವ ಭರವಸೆ ಕೊಡಲಿಲ್ಲ.

"ಕಾಕಾ, ದನಿ ಹೋಗೂದ್ರಾಗ ಎಲ್ಲೆರ ಒಂದ್ ಕಡೆ ನನ್ನ ಹೆಸರು, ನನ್ನ ಪದ ಇರ್ಬೇಕ್ರಿ" ಅಂದಳು. "ಫೋನಿನಾಗ ಇದ್ದದ್ದು, ಫೋನ್ ನೀರಾಗ ಬಿದ್ರ ಹೋತು."

ಅಂತರಜಾಲದಲ್ಲಿ ಕನ್ನಡದ ವಿಶ್ವಕೋಶವೊಂದಿದೆ, ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ಓದಬಹುದು ಎಂದಳು ಸುಜಾತಾ. ತಾನೇ ಕೂತು ಪ್ರಜ್ಞಾಳ ಬಗ್ಗೆ ಒಂದು ಪುಟ ಬರೆದು, ಮುಳವಾಡದ ಪದವನ್ನೂ ಅದಕ್ಕೆ ಜೋಡಿಸಿದಳು. ಹುಲಿಗೆವ್ವ ಓದಲು ಬಾರದಿದ್ದರೂ ಆ ಪುಟವನ್ನು ಓಣಿಯ ತುಂಬ ತೋರಿಸಿದಳು.

ಕೆಲವೇ ದಿನಗಳಲ್ಲಿ ಪುಟದ ತಲೆಯ ಮೇಲೆ ಕೆಂಪು ಸೂಚನೆ ಬಂತು: ಇದನ್ನು ಅಳಿಸಬೇಕೇ, ಉಳಿಸಬೇಕೇ? ಈಗಷ್ಟೇ ಹೆಸರು ಮಾಡುತ್ತಿರುವ ಹುಡುಗಿ, ಹೊರಗಿನವರು ಯಾರೂ ಇವಳ ಬಗ್ಗೆ ಬರೆದಿಲ್ಲ ಎಂದು ಯಾರದೋ ತಕರಾರು. ಒಂದು ವಾರ ಚರ್ಚೆ, ಆಮೇಲೆ ವಿಶ್ವಕೋಶ ನೋಡಿಕೊಳ್ಳುವವರಲ್ಲಿ ಒಬ್ಬರ ತೀರ್ಮಾನ. ಆ ಒಬ್ಬ ಅಮಿತನೇ ಆಗಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ. ನಾನು ಫೋನ್ ಹಚ್ಚಿದೆ.

"ಅಮಿತ, ನೀ ಮುಳವಾಡದಾಗ ಅತ್ತಿದ್ದಿ. ನಾ ನೋಡೇನಿ."

"ಅತ್ತೇನ್ರಿ ಕಾಕಾ. ಆದ್ರ ನನ್ನ ಕಣ್ಣೀರು ಆಧಾರ ಆಗೂದಿಲ್ರಿ. ಸಂಬಂಧ ಇಲ್ಲದವ್ರು ಪೇಪರಿನಾಗೋ ಪುಸ್ತಕದಾಗೋ ಬರದಿರ್ಬೇಕು."

"ಸಣ್ಣಾಟ ನೋಡಾಕ ಯಾವ ಪೇಪರಿನಾಂವ ಬರ್ತಾನಲೇ? ಬಂದ್ರೂ ಉದ್ಘಾಟನೆ ಮಾಡಿದ ಸಾಹೇಬ್ರ ಫೋಟೋ ಹಾಕಿ, ಹಾಡಿದವ್ರನ್ನ 'ಮುಂತಾದವರು' ಅಂತ ಬರೀತಾನ."

ಅಮಿತ ನಕ್ಕ. "ಅದ ತ್ರಾಸ ಐತ್ರಿ. ಒಂದು ಲೇಖನ ಸಿಕ್ಕೈತಿ. ಇನ್ನೊಂದು ಸಿಕ್ರ ಉಳಸ್ತೇನಿ. ನಾನೂ ಹುಡಕಾಕತ್ತೇನಿ."

"ಮತ್ತ ನಿನ್ನ ಕಿವಿ ಯಾತಕ್ಕ ಅದಾವ? ಚಷ್ಮಾ ಸಿಗಿಸಾಕ?"

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಮ್ಮ ಮೇಳದ ಮೈಕು ಮಸೂತಿ ಊರಿನ ಪರಸಪ್ಪನ ಕೈಯಲ್ಲಿದೆ. ಪದ ಮನಸ್ಸಿಗೆ ಹಿಡಿಸಿದರೆ ನೋಡುವವರು ಆಟದ ನಡುವೆಯೇ ರಂಗ ಹತ್ತಿ ದುಡ್ಡು ಕೊಡುತ್ತಾರೆ. ಅದು ಆಯೇರಿ. ಆಟ ನಿಲ್ಲಿಸಿ, ಕೊಟ್ಟವರ ಹೆಸರು, ಊರು ಕೂಗುವವನು ಪರಸಪ್ಪ. ನಮ್ಮಲ್ಲಿ ಕಲಾವಿದರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಚರ್ಚೆಯ ಪುಟದಲ್ಲಿ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು ಎಂದು ಸುಜಾತಾ ಹೇಳಿದ್ದೇ ತಡ, ಪರಸಪ್ಪ ಅದನ್ನೂ ಒಂದು ಮೈಕು ಎಂದುಕೊಂಡ. ಎಲ್ಲ ಗ್ರೂಪುಗಳಿಗೂ ಸುದ್ದಿ ಕಳಿಸಿದ. ಪುಟ ತುಂಬಿ ಹೋಯಿತು.

'ಮಸೂತಿಯ ಪರಸಪ್ಪನವರಿಂದ ನಾಯಕಿ ಪಾತ್ರಕ್ಕೆ ನೂರಾ ಒಂದು ರೂಪಾಯಿ ಆಯೇರಿ. ಪುಟ ಉಳಿಸಿರಿ.' 'ಮುದ್ದೇಬಿಹಾಳದ ಬಾಂಡೆ ಅಂಗಡಿ ಅಯೂಬನಿಂದ ಐನೂರು. ಉಳಿಸಿರಿ.' 'ಚಡಚಣದ ಶಂಕ್ರೆವ್ವನಿಂದ ಒಂದು ಬಾಕ್ಸ್ ದ್ರಾಕ್ಷಿ. ಉಳಿಸಲೇಬೇಕು.' ನನಗೆ ಟೈಪು ಮಾಡಲು ಬರುವುದಿಲ್ಲ. ಬಂದಿದ್ದರೆ ನನ್ನದೂ ಅಲ್ಲಿರುತ್ತಿತ್ತು.

ದೂರದ ಊರುಗಳಲ್ಲಿ ಕೂತು ಓದಿದವರಿಗೆ ಕಂಡದ್ದೇ ಬೇರೆ. ದುಡ್ಡು ಕೊಟ್ಟು ಬೆಂಬಲ ಕೊಂಡಿದ್ದಾರೆ ಎಂದು ದೂರು ಬಿತ್ತು. ಆಯೇರಿ ಅಂದರೆ ಏನೆಂದು ಸುಜಾತಾ ಉದ್ದಕ್ಕೆ ಬರೆದಳು. ಅದಕ್ಕೂ ಆಧಾರ ಕೊಡಿ ಎಂದನೊಬ್ಬ ಪುಣ್ಯಾತ್ಮ. ವಾರ ಮುಗಿದ ದಿನ ಅಮಿತ ಪುಟ ಅಳಿಸಿದ. ಹಣದ ಮಾತು ಬಂದಿದ್ದರಿಂದ ಆ ಹೆಸರಿನಲ್ಲಿ ಮತ್ತೆ ಯಾರೂ ಬರೆಯದಂತೆ ಬೀಗವನ್ನೂ ಹಾಕಿದ.

"ಕಾಕಾ, ಇನ್ನೊಂದು ಲೇಖನ ಸಿಕ್ಕಿತ್ರಿ. ನೀವೆಲ್ಲಾ ಸುಮ್ನ ಕುಂತಿದ್ರ ಉಳಸ್ತಿದ್ದೆ" ಅಂದ ಫೋನಿನಲ್ಲಿ.

ಬೈಯಬೇಕೆಂದು ಬಾಯಿ ತೆರೆದೆ. ಬೈಯದೆ ಫೋನ್ ಇಟ್ಟೆ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಪ್ರಜ್ಞಾ ಮಾತಾಡಿದರೆ ಒಣ ಜೋಳದ ಕಣಿಕಿ ಎಳೆದ ಸಪ್ಪಳ. ಅವಳ ಪಾತ್ರ ಬೇರೊಬ್ಬಳಿಗೆ ಹೋಯಿತು. ಅವಳು ನನ್ನ ಪಕ್ಕ ಕೂತು ತಾಳ ಹಾಕುತ್ತಾಳೆ. ಆ ಸಿಟ್ಟಿನ ಪದ ಬಂದಾಗ ಅವಳ ತುಟಿಗಳು ಅಲುಗುತ್ತವೆ. ನಾನು ಆ ಕಡೆ ನೋಡುವುದಿಲ್ಲ.

ಆಗ ಬಂದವು ನೋಡಿ, ಪೇಪರುಗಳು! 'ದನಿ ಕಳೆದುಕೊಂಡ ಕೋಗಿಲೆ' ಎಂದು ಒಂದರಲ್ಲಿ ಅರ್ಧ ಪುಟ. ಅದರ ಬೆನ್ನಿಗೇ ಇನ್ನೊಂದು. ಅಮಿತ ಎರಡನ್ನೂ ಹಿಡಿದುಕೊಂಡು ಮುದ್ದೇಬಿಹಾಳಕ್ಕೆ, ನಮ್ಮ ತಾಲೀಮಿನ ಜಾಗಕ್ಕೇ ಬಂದ.

"ಪ್ರಜ್ಞಾ, ಈಗ ಆಧಾರ ಗಟ್ಟಿ ಆದ್ವು. ಬೀಗ ತಗೀತೇನಿ. ನಿನ್ನ ಪುಟ ಹೊಳ್ಳಿ ಬರ್ತೈತಿ."

ಅವಳು ಎರಡನ್ನೂ ಪೂರ್ತಿ ಓದಿದಳು.

"ಸರ್, ಗಂಟಲದ್ದ ಎಲ್ಲಾ ಬರದಾರ. ನಾ ಹೆಂಗ ಹಾಡ್ತಿದ್ದೆ ಅಂತ ಒಂದ್ ಸಾಲೂ ಇಲ್ರಿ."

"ಅದನ್ನ ನಾ ಬರೀತೇನಿ. ಮುಳವಾಡದಾಗ ಕೇಳೇನಲ್ಲ."

"ನೀವು ಕೇಳಿದ್ದು ಆಧಾರ ಅಲ್ಲಲ್ರಿ" ಅಂದಳು. ಸಿಟ್ಟಿರಲಿಲ್ಲ. "ಹಾಡಿದಾಕಿಗೆ ಅಲ್ಲಿ ಜಾಗ ಇರಲಿಲ್ಲ. ದನಿ ಹೋದಾಕಿಗೆ ಬ್ಯಾಡ್ರಿ. ಬಿಡ್ರಿ."

ಪರಸಪ್ಪ ಮೈಕಿನ ವೈರು ಸುತ್ತುತ್ತಲೇ ಇದ್ದ, ಸುತ್ತಿ ಮುಗಿದರೂ. ಅಮಿತ ಪೇಪರು ಮಡಚಿಕೊಂಡು ಹೋದ. ಆ ಬೀಗ ಇವತ್ತಿಗೂ ಹಾಗೇ ಇದೆ.

ಇಷ್ಟರಿ. ಇದರ ಕೆಳಗ ಆ ಪದ ಹಾಕೇನಿ, ಪ್ರಜ್ಞಾನ್ನ ಕೇಳೇ ಹಾಕೇನಿ. ನಡುವ ಕೆಟಲಿ ಇಟ್ಟ ಸಪ್ಪಳ ಕೇಳ್ತೈತಿ. ಊರು ಯಾವುದಂತ ಸಂಶಯ ಇದ್ದಾವ ಅದನ್ನ ಕೇಳಿ ತಿಳಕೋ. ಆಮ್ಯಾಲ ಮುಂದಕ್ಕ ಕಳಸ್ರಿ, ನಾ ಹೇಳಿದ್ದನ್ನೂ ಕೂಡಿಸಿ ಕಳಸ್ರಿ. ಆಯೇರಿ ಬ್ಯಾಡ, ಕೈ ಮುಗಿಯೂ ಚಿತ್ರ ಬ್ಯಾಡ. ಯಾರರ ಕೇಳಿದ್ರ, ಹಾಡಿದಾಕಿ ಇಂಡಿ ಪ್ರಜ್ಞಾ ಅಂತ ಹೇಳ್ರಿ. 'ಮುಂತಾದವರು' ಅನಬ್ಯಾಡ್ರಿ.