ಹಿಡಿ, ಬಿಡು

ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಗೋಳು ಮೇಸ್ತ್ರಿಯ ಕಿವಿಗೆ ಬಿದ್ದಿತ್ತು. ಊರಿನ ಕೊನೆಯ ಮನೆ ದಾಟಿ ಹೊಲಗಳು ಶುರುವಾಗುವಲ್ಲಿ ಅವನ ಗ್ಯಾರೇಜು. ಏರು ಹತ್ತಿ ಬಂದ ಗಾಡಿಗಳೆಲ್ಲ ಅಲ್ಲಿ ಗೇರು ಬದಲಿಸಲೇಬೇಕು. ಇದು ಬದಲಿಸಲಿಲ್ಲ. ಎರಡನೇ ಗೇರಿನಲ್ಲೇ ಹೊಟ್ಟೆನೋವು ಬಂದವರ ಹಾಗೆ ನರಳುತ್ತ ಬಂದು, ಬಾಗಿಲೆದುರು ಒಮ್ಮೆ ಎಗರಿ ಆಫಾಯಿತು. ಇಳಿದವನು ಹೆಂಡತಿಯ ತಮ್ಮ, ಸಸಿ ಮಾರುವವನು. ಹಿಂದಿನ ಸೀಟಿನ ತುಂಬ ಬದನೆ, ಟೊಮೆಟೊ ಸಸಿಗಳ ತಟ್ಟೆ.

"ಭಾವ, ಗೇರೇ ಬೀಳ್ತಿಲ್ಲ. ಪೇಟೆಯವನು ಗೇರ್‌ಬಾಕ್ಸ್ ಇಳಿಸ್ಬೇಕು ಅಂದ."

"ನೆಗಡಿ ಆದ್ರೆ ಮೂಗು ಕೊಯ್ಯೋ ಜಾತಿ ಅವನು. ಇರು, ನೋಡೋಣ."

ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು: ನಿಮ್ಮಕ್ಕ ಹೇಗಿದ್ದಾಳೆ? ಮೇಸ್ತ್ರಿ ಅದನ್ನು ನುಂಗಿಕೊಂಡ. ತನ್ನ ತಾಯಿಯ ಆರೈಕೆಗೆಂದು ತವರಿಗೆ ಹೋದ ಹೆಂಡತಿ, ತಾಯಿ ತೀರಿಕೊಂಡು ವರ್ಷವಾದರೂ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನು ಕೇಳಿರಲೂ ಇಲ್ಲ. ಬರುವವಳು ತಾನಾಗಿ ಬರಲಿ ಎಂದು ಸಂಜೆ ಹೊತ್ತು ಬಾಗಿಲು ಓರೆ ಮಾಡಿಟ್ಟುಕೊಂಡು, ರಸ್ತೆಯ ಕಡೆ ಮುಖ ಮಾಡಿ ಊಟಕ್ಕೆ ಕೂರುತ್ತಿದ್ದ.

ಇಂಜಿನ್ ಆಫ್ ಇದ್ದಾಗಲೇ ಗೇರು ಹಾಕಿ ನೋಡಿದ. ಒಂದು, ಎರಡು, ಮೂರು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿದ್ದವು. ಸ್ಟಾರ್ಟ್ ಮಾಡಿದ ಮೇಲೆ ಹಾಕಿದರೆ ಹಲ್ಲು ಕಡಿದ ಸದ್ದು.

"ಗೇರ್‌ಬಾಕ್ಸು ಗಟ್ಟಿಮುಟ್ಟಾಗಿದೆ. ಕ್ಲಚ್ಚು ಬಿಡ್ತಿಲ್ಲ, ಅಷ್ಟೆ. ನೊಗ ಕಳಚದೇ ಎತ್ತು ಬದಲಾಯಿಸ್ತೀನಿ ಅಂದ್ರೆ ಆಗುತ್ತೇನಪ್ಪ?"

ಪೆಡಲ್ ಮೇಲೆ ಕಾಲಿಟ್ಟರೆ ಕೊಳೆತ ಹಣ್ಣಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ಬಾನೆಟ್ ಎತ್ತಿ ನೋಡಿದರೆ ಕ್ಲಚ್ಚಿನ ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು. ಕಾರಿನ ಅಡಿಗೆ ತೂರಿದ. ಗೇರ್‌ಬಾಕ್ಸಿನ ಪಕ್ಕ, ಕ್ಲಚ್ಚನ್ನು ತಳ್ಳುವ ಸಣ್ಣ ಸಿಲಿಂಡರು ಜಿನುಗುತ್ತಿತ್ತು. ಬಿಚ್ಚಿದ. ಒಳಗಿನ ರಬ್ಬರು ಸವೆದು ತುಟಿ ಸುಟ್ಟವರ ಬಾಯಿಯಂತಾಗಿತ್ತು. ಹಳೆಯದನ್ನು ಬಾಮೈದನ ಕೈಗೆ ಹಾಕಿ, ಹೊಸದನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿ, ಡಬ್ಬಿ ತುಂಬ ಎಣ್ಣೆ ಹೊಯ್ದ. ಇನ್ನು ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು.

ಅದು ಇಬ್ಬರ ಕೆಲಸ. ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗೆ ಒಬ್ಬರು ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವರು ಕಾಲೆತ್ತಿದರೆ ಹೋದ ಗಾಳಿ ಹಿಂದಕ್ಕೆ ಬರುತ್ತದೆ.

ಬಾಮೈದ ಡ್ರೈವರ್ ಸೀಟಿನಲ್ಲಿ ಕೂರಲು ಹೋಗಿ, ಗೋಡೆಗೆ ಒರಗಿಸಿದ್ದ ಗುದ್ದಲಿಯ ಕಾವು ನೋಡಿದ. ಒಂದು ತುದಿಗೆ ಬಟ್ಟೆ ಸುತ್ತಿತ್ತು.

"ಇದೇನು ಭಾವ?"

"ನಿಮ್ಮಕ್ಕನ ಜಾಗಕ್ಕೆ ಬಂದಿರೋದು. ಸೀಟಿಗೂ ಪೆಡಲಿಗೂ ನಡುವೆ ಕೊಟ್ರೆ ಒತ್ತಿ ಹಿಡಿಯುತ್ತೆ. ಎದುರು ಮಾತಾಡಲ್ಲ."

ಬಾಮೈದ ನಕ್ಕ. ನಗು ನಡುವೆಯೇ ನಿಂತಿತು.

"ಒತ್ತು," ಎಂದ ಮೇಸ್ತ್ರಿ ಕೆಳಗಿನಿಂದ. "ಹಿಡಿ." ಸ್ಕ್ರೂ ಸಡಿಲಿಸಿದ. ಅದಕ್ಕೆ ಸಿಕ್ಕಿಸಿದ್ದ ಟ್ಯೂಬಿನಲ್ಲಿ ಗುಳ್ಳೆಗಳು ಮಿಣಮಿಣ ಬಂದವು. "ಇನ್ನೂ ಬಿಡಬೇಡ."

ಪೆಡಲ್ ದಡಕ್ಕೆಂದು ಮೇಲೆದ್ದಿತು. ಗುಳ್ಳೆಗಳು ಬಂದ ದಾರಿಯಲ್ಲೇ ವಾಪಸು ಹೋದವು.

"ಬಿಡಬೇಡ ಅಂದ್ನಲ್ಲೋ, ಪುಣ್ಯಾತ್ಮ!"

"ನಂಗೆ ಬಿಡು ಅಂತಲೇ ಕೇಳಿಸ್ತು. 'ಬೇಡ' ಅನ್ನೋ ಬಾಲ ಅಲ್ಲೇ ಕಾರಿನ ಅಡಿ ಉಳ್ಕೊಂಡ್ರೆ ನಾನೇನ್ ಮಾಡ್ಲಿ?"

"ನಿಮ್ಮಕ್ಕ ಹೀಗೆ ಮಾಡ್ತಿರಲಿಲ್ಲ. ಒಂದು ಸಲ ಬಿಡು ಅಂದ್ರೆ ಕಾಲು ಎತ್ತುತ್ತಲೇ ಇರಲಿಲ್ಲ. 'ಬಿಡ್ಲಾ?' ಅಂತ ಕೇಳಿ, ಇನ್ನೊಂದು ಸಲ ಬಿಡು ಅಂದ ಮೇಲೇ."

ಮೇಲೆ ಸೀಟು ಕಿರ್ ಎಂದಿತು.

"ಅದನ್ನೇ ಅವಳೂ ಹೇಳ್ತಾಳೆ ಭಾವ. ಅಮ್ಮ ಹೋದ ಮೇಲೆ ನಿಮಗೆ ಫೋನ್ ಮಾಡಿದ್ಳಂತಲ್ಲ? ಬರ್ಲಾ ಅಂದ್ರೆ ಇರ್ಲಿ ಬಿಡು ಅಂದ್ರಂತೆ. ಬಿಡ್ಲಾ ಅಂತ ಇನ್ನೊಂದು ಸಲ ಕೇಳಿದ್ರೂ ಬಿಡು ಅಂದ್ರಂತೆ. ಎರಡು ಸಲ ಹೇಳಿಸ್ಕೊಂಡೇ ಬಿಟ್ಟೆ ಅಂತಾಳೆ."

ಮೇಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡು ಹಾಗೇ ಮಲಗಿದ್ದ. ಆ ಫೋನು ನೆನಪಿತ್ತು. ಅವತ್ತೂ ಯಾವುದೋ ಕಾರಿನ ಅಡಿಯಲ್ಲೇ ಇದ್ದ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು. ಅವಸರ ಬೇಡ, ತಮ್ಮನಿಗೂ ಆಸರೆ ಬೇಕು, ಸುಧಾರಿಸಿಕೊಂಡು ಬಾ ಎನ್ನುವುದೆಲ್ಲ ಆ ಒಂದು 'ಬಿಡು'ವಿನಲ್ಲಿತ್ತು. ಎರಡನೆಯದನ್ನು ಅವನು ಸುಮ್ಮನೆ, ಬಾಯಿಗೆ ಬಂದ ಹಾಗೆ ಅಂದಿದ್ದ. ಎಣ್ಣೆಯ ಹನಿಯೊಂದು ಕೆನ್ನೆಗೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಭಾವ, ಇದ್ದೀರಾ?"

"ಇದ್ದೀನಿ. ಒತ್ತು."

ಮೊದಲಿಂದ ಶುರುಮಾಡಿದರು. ಈ ಸಲ ಬಾಮೈದನೂ "ಬಿಡ್ಲಾ?" ಎಂದು ಕೇಳತೊಡಗಿದ. ಪ್ರತಿ ಸಲವೂ ಮೇಸ್ತ್ರಿಗೆ ಉತ್ತರ ಕೊಡಲು ಒಂದಿಷ್ಟು ತಡವಾಗುತ್ತಿತ್ತು. ಕೊನೆಗೆ ಗುಳ್ಳೆಯಿಲ್ಲದ ಎಣ್ಣೆ ತೆಳ್ಳಗೆ ಇಳಿಯಿತು, ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು.

ಇಂಜಿನ್ ಗುನುಗುತ್ತಿರುವಾಗಲೇ ಗೇರು ಸದ್ದಿಲ್ಲದೆ ಬಿತ್ತು. ಬಾಮೈದ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮೇಸ್ತ್ರಿ ಕಾರಿನ ಬಾಗಿಲು ಹಿಡಿದು ನಿಂತೇ ಇದ್ದ.

"ನಿಮ್ಮಕ್ಕನಿಗೆ ಹೇಳು."

"ಏನಂತ?"

"ನಾನು ಅಂದಿದ್ದು ಆ ಬಿಡು ಅಲ್ಲ ಅಂತ."

"ಹೇಳ್ತೀನಿ." ಬಾಮೈದ ಹಿಂದಿನ ಸಸಿಗಳತ್ತ ನೋಡಿದ. "ಆದ್ರೆ ಭಾವ, ಈ ಸಸಿಯೆಲ್ಲ ಅವಳೇ ಬೆಳೆಸಿರೋದು. ಬೆಳಗಾದ್ರೆ ನೆರಳುಬಲೆ ಒಳಗೆ ಹೋದವಳು ಕತ್ತಲಿಗೇ ಹೊರಗೆ ಬರೋದು. ಆ ಕೆಲಸ ಕೈ ಹತ್ತಿಬಿಟ್ಟಿದೆ. ಏನಂತಾಳೋ ನಾನು ಹೇಳಲಾರೆ."

"ಎರಡು ಸಲ ಹೇಳು," ಎಂದ ಮೇಸ್ತ್ರಿ, ಬಾಗಿಲಿನಿಂದ ಕೈ ತೆಗೆಯುತ್ತ.

ಕಾರು ಹೋಯಿತು. ಒಂದು, ಎರಡು. ಇಳಿಜಾರಿನಲ್ಲಿ ಮೂರು. ಹೊಲಗಳ ಆಚೆ ನಾಲ್ಕನೆಯದು ಬಿದ್ದದ್ದು ಕೇಳಿಸಿತೋ, ಕೇಳಿಸಿತೆಂದು ಅನ್ನಿಸಿತೋ.

ಒಳಗೆ ಹಾಲಿನವನ ವ್ಯಾನು ಕಾಯುತ್ತಿತ್ತು. ಅದಕ್ಕೂ ಗಾಳಿ ತೆಗೆಯಬೇಕು. ಮೇಸ್ತ್ರಿ ಗುದ್ದಲಿಯ ಕಾವನ್ನು ಸೀಟಿಗೂ ಪೆಡಲಿಗೂ ನಡುವೆ ಕೊಟ್ಟು, ಅಡಿಗೆ ತೂರಿ, ಅಭ್ಯಾಸಬಲದಿಂದ "ಹಿಡಿ" ಎಂದ. ಕಾವು ಹಿಡಿದಿತ್ತು. ಸ್ಕ್ರೂ ಬಿಗಿದ ಮೇಲೆ 'ಬಿಡು' ಎನ್ನಲು ಬಾಯಿ ತೆರೆದವನು ಅನ್ನಲಿಲ್ಲ. ತೆವಳಿಕೊಂಡು ಹೊರಗೆ ಬಂದು, ತನ್ನ ಕೈಯಿಂದಲೇ ಕಾವನ್ನು ಮೆಲ್ಲಗೆ ತೆಗೆದ.