ಸ್ವಲ್ಪ ಉಳುಕು

"ಇನ್ನೊಂದು ಬಟ್ಟೆ ಹೊದಿಸು. ಕೆಳಗೆ ಕಾಲು ಕಾಣ್ತಿದೆ," ಎಂದರು ಮೇಷ್ಟ್ರು.

ಅವರ ಹೆಂಡತಿ ಹಳೆಯ ಪರದೆಯೊಂದನ್ನು ತಂದು ವಾಷಿಂಗ್ ಮಷೀನಿನ ಮುಂದೆ ನೆಲ ಮುಟ್ಟುವಂತೆ ಇಳಿಬಿಟ್ಟಳು. ಅದೂ ಸಾಲದೆಂದು ಮೇಷ್ಟ್ರು ಬೀಜದ ಡಬ್ಬಗಳನ್ನು ಮೇಲೆ ಸಾಲಾಗಿ ಜೋಡಿಸಿ, ಹಿಂದೆ ಸರಿದು ನೋಡಿದರು. ಈಗ ಅದು ಉಗ್ರಾಣದ ಮೂಲೆಯಲ್ಲಿ ಮೊದಲಿಂದಲೂ ಇದ್ದ ಮೇಜಿನಂತೆ ಕಾಣುತ್ತಿತ್ತು.

"ಇವತ್ತೊಂದಿನ ಸುಧಾರಿಸ್ಕೊ. ಚಿತ್ರ ತೆಗೆಯೋರು ಸಂಜೆ ಹೊರಟುಹೋಗ್ತಾರೆ."

ಕೆಲವು ವರ್ಷಗಳ ಹಿಂದೆ ಇದೇ ತಂಡ ಬಂದು ಈ ಮನೆಯ ಮೇಲೆ ಸಾಕ್ಷ್ಯಚಿತ್ರ ತೆಗೆದಿತ್ತು. ಫ್ರಿಜ್ಜಿಲ್ಲದ, ಮಳೆನೀರಲ್ಲೇ ವರ್ಷ ಕಳೆಯುವ, ಒಂದು ಹಿಡಿ ಕಸವೂ ಹೊಸ್ತಿಲು ದಾಟದ ಮನೆ. ಚಿತ್ರ ಊರೂರು ಸುತ್ತಿತು. ಜೀವಮಾನವೆಲ್ಲ ಭೂಗೋಳ ಪಾಠ ಹೇಳಿ ಗಳಿಸದ ಹೆಸರನ್ನು ಮೇಷ್ಟ್ರು ನಿವೃತ್ತರಾದ ಮೇಲೆ ಗಳಿಸಿದರು. ಬೀದಿಯವರು 'ಕಸವಿಲ್ಲದ ಮೇಷ್ಟ್ರು' ಎಂದರು, ಮೊದಲು ತಮಾಷೆಗೆ, ಆಮೇಲೆ ಗೌರವಕ್ಕೆ. ಭಾನುವಾರ ಬಂತೆಂದರೆ ಮನೆ ನೋಡಲು ಜನ.

ಹೆಂಡತಿಗೂ ಈ ಬದುಕಿನ ಮೇಲೆ ಬೇಸರವಿರಲಿಲ್ಲ. ಗೊಬ್ಬರದ ಗುಂಡಿ ಅವಳದೇ ಯೋಚನೆ. ಬಚ್ಚಲ ನೀರನ್ನು ಗಿಡಗಳಿಗೆ ತಿರುಗಿಸಿದವಳೂ ಅವಳೇ. ಆದರೆ ಹೋದ ವರ್ಷ ಬಲಗೈಯೇ ಕೈಕೊಟ್ಟಿತು. ಮಣಿಕಟ್ಟಿನ ಆಪರೇಷನ್ ಆಯಿತು. ಇನ್ನು ಮುಂದೆ ಬಟ್ಟೆ ಹಿಂಡುವಂತಿಲ್ಲ ಎಂದು ಡಾಕ್ಟರು ಹೇಳಿದ ವಾರದಲ್ಲೇ ಮಗಳು ಈ ಮಷೀನನ್ನು ತಂದು ಕೂರಿಸಿ ಹೋದಳು. ಮೇಷ್ಟ್ರು ಬೇಡ ಎನ್ನಲಿಲ್ಲ. ಭಾನುವಾರ ಮಾತ್ರ ಹಾಕಬೇಡ ಎಂದರು.

ಆ ಮನೆ ಈಗ ಹೇಗಿದೆ ಎಂದು ತೋರಿಸುವ ಎರಡನೆಯ ಚಿತ್ರಕ್ಕಾಗಿ ನಿರ್ದೇಶಕಿ ಕ್ಯಾಮೆರಾದವನೊಂದಿಗೆ ಬಂದಳು. ಬೆಳಗ್ಗೆಯೆಲ್ಲ ತೋಟ, ನೀರಿನ ತೊಟ್ಟಿ, ಮೇಷ್ಟ್ರ ಮಾತು ಚಿತ್ರೀಕರಣವಾಯಿತು. ಬಾಯ್ತುಂಬ ಮಾತಾಡಿದರು ಮೇಷ್ಟ್ರು. ಹೆಂಡತಿ ಒಳಗಿದ್ದುಕೊಂಡೇ ಟೀ ಸರಬರಾಜು ಮಾಡಿದಳು. ಮಧ್ಯಾಹ್ನ ನಿರ್ದೇಶಕಿ ಅಡುಗೆಮನೆಗೇ ಬಂದಳು.

"ಅಕ್ಕ, ಹಿಂದಿನ ಸಲ ನೀವು ಹಿತ್ತಲಲ್ಲಿ ಬೆಡ್‌ಶೀಟ್ ಹಿಂಡಿದ್ರಲ್ಲ, ಜನ ಇವತ್ತಿಗೂ ಅದನ್ನೇ ನೆನಸ್ಕೋತಾರೆ. ಅದೊಂದು ಶಾಟ್ ಮತ್ತೆ ಬೇಕಿತ್ತು."

ಅವಳು ಗಂಡನ ಮುಖ ನೋಡಿದಳು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು.

"ಬೆಳಕೂ ಚೆನ್ನಾಗಿದೆ," ಎಂದರು.

ಹಿತ್ತಲ ಕಲ್ಲಿನ ಬಳಿ ಬೆಡ್‌ಶೀಟನ್ನು ನೀರಿಗೆ ಅದ್ದಿ ಎತ್ತಿ ಹಿಂಡಿದಳು. ನೀರು ತೊಟ್ಟಿಕ್ಕಿತಷ್ಟೆ. "ಇನ್ನೊಂದ್ಸಲ ಮಾಡೋಣ್ವಾ, ಸ್ವಲ್ಪ ಗಟ್ಟಿಯಾಗಿ," ಎಂದ ಕ್ಯಾಮೆರಾದವನು. ಎರಡನೆಯ ಸಲ ತಿರುಚಿದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ಚಳುಕು ಹೊಡೆದು, ಬೆಡ್‌ಶೀಟ್ ಜಾರಿ ಕೆಸರಿಗೆ ಬಿತ್ತು.

"ಕೈಗೇನಾಯ್ತಕ್ಕ?" ನಿರ್ದೇಶಕಿ ಹತ್ತಿರ ಬಂದಳು.

"ಏನಿಲ್ಲ, ಸ್ವಲ್ಪ ಉಳುಕು," ಎಂದರು ಮೇಷ್ಟ್ರು, ಅವಳು ಬಾಯಿ ತೆರೆಯುವ ಮೊದಲೇ.

ಮಷೀನನ್ನು ಮುಚ್ಚಿಟ್ಟದ್ದು ಅವಳಿಗೆ ಅಷ್ಟು ತಟ್ಟಿರಲಿಲ್ಲ. ಅದೊಂದು ಸಾಮಾನು, ಇವರ ಹುಚ್ಚು ಇವರಿಗೆ ಎಂದುಕೊಂಡು ಒಳಗೊಳಗೇ ನಕ್ಕಿದ್ದಳು ಕೂಡ. ಆದರೆ ಆಸ್ಪತ್ರೆಯಲ್ಲಿ ಮಗ್ಗುಲಲ್ಲಿ ಕೂತು ಚಮಚದಿಂದ ಉಣ್ಣಿಸಿದವರೂ ಇವರೇ, ನಿದ್ದೆ ಬಾರದಾಗ ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ಕೂತವರೂ ಇವರೇ. ಈಗ ಇವರ ಬಾಯಲ್ಲಿ ಅದು ಉಳುಕಾಗಿತ್ತು.

ಅವಳು ರವಿಕೆಯ ಉದ್ದ ತೋಳು ಮೇಲೇರಿಸಿ ಹೊಲಿಗೆಯ ಗುರುತು ತೋರಿಸಿದಳು.

"ಉಳುಕಲ್ಲಮ್ಮ. ಆಪರೇಷನ್ ಆಗಿದೆ. ಹಿಂಡಬಾರ್ದು ಅಂದಿದಾರೆ."

ಕೆಸರಾದ ಬೆಡ್‌ಶೀಟನ್ನು ಎಡಗೈಯಿಂದ ಬಾಚಿಕೊಂಡು ಒಳನಡೆದಳು. "ನೋಡೇ," ಎಂದರು ಮೇಷ್ಟ್ರು. ಅವಳು ನಿಲ್ಲಲಿಲ್ಲ. ಉಗ್ರಾಣದಲ್ಲಿ ಬೀಜದ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದಳು; ಬೀಳಿಸಲಿಲ್ಲ, ಅವೂ ಅವಳು ಜೋಪಾನ ಮಾಡಿದವೇ. ಹೊದಿಕೆ ತೆಗೆದಳು. ಹಿಂದೆಯೇ ಬಂದ ನಿರ್ದೇಶಕಿ ಬಾಗಿಲಲ್ಲಿ ನಿಂತು ಕ್ಯಾಮೆರಾದವನತ್ತ ನೋಡಿದಳು. ಅವನು ಆಗಲೇ ಕ್ಯಾಮೆರಾ ಹೆಗಲಿಗೇರಿಸಿದ್ದ. ಮಷೀನಿನೊಳಗೆ ನೀರು ಬೀಳುವ ಸದ್ದು ಕೇಳಿತು.

ಮೇಷ್ಟ್ರು ಎಲ್ಲರಿಗಿಂತ ಹಿಂದೆ, ಹಜಾರದಲ್ಲೇ ಉಳಿದಿದ್ದರು.

"ಮೇಷ್ಟ್ರೇ, ಇದನ್ನ ಫಿಲ್ಮ್‌ನಲ್ಲಿ ಇಟ್ಕೊಬಹುದಾ?" ನಿರ್ದೇಶಕಿ ತಿರುಗಿ ಕೇಳಿದಳು.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಒರೆಸುತ್ತಲೇ ಇದ್ದರು.

"ಅವಳನ್ನ ಕೇಳಿ."

"ಇಟ್ಕೊಳ್ಳಿ," ಎಂದಳು ಅವಳು. "ಇದರ ನೀರೂ ಗಿಡಕ್ಕೇ ಹೋಗತ್ತೆ. ಪೈಪು ಆ ಕಡೆಯಿದೆ. ಅದನ್ನೂ ತೋರಿಸಿ."

ತಂಡದವರು ಪೈಪಿನ ಜಾಡು ಹಿಡಿದು ಹಿತ್ತಲಿಗೆ ಹೋಗಿ ಚಿತ್ರೀಕರಿಸಿಕೊಂಡು ಬಂದರು. ನಿರ್ದೇಶಕಿ ಹೊರಡುವಾಗ ಅವಳ ಕೈಯನ್ನು ಮೆಲ್ಲಗೆ ಮುಟ್ಟಿದಳು. ಕಾರು ತಿರುವು ದಾಟಿತು. ಮೇಷ್ಟ್ರು ಗೇಟು ಹಾಕಿ ಬಂದರು.

"ಇನ್ನು ಭಾನುವಾರ ಬಂದವರಿಗೆ ಏನಂತ ಹೇಳ್ಲಿ?"

"ಇದ್ದದ್ದು ಹೇಳಿ."

"ನಗ್ತಾರೆ."

"ನಗ್ಲಿ ಬಿಡಿ. ಟೀ ಕುಡ್ದು ಹೋಗ್ತಾರೆ."

ಅವರು ನಗಲಿಲ್ಲ. ಉಗ್ರಾಣದಲ್ಲಿ ಮಷೀನಿನ ಸದ್ದು ನಿಂತಿತ್ತು. ಅಲ್ಲಿಗೆ ಹೋಗಿ, ಮೊದಲ ಸಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಬಾಗಿಲ ಹಿಡಿ ಎಳೆದರು. ಬರಲಿಲ್ಲ. ಮತ್ತೊಮ್ಮೆ ಎಳೆದರು.

"ಈಗಲೇ ಬರಲ್ಲ," ಎಂದಳು ಅವಳು ಹಿಂದಿನಿಂದ. "ಸ್ವಲ್ಪ ತಡೀರಿ. ಲಾಕ್ ಬಿಟ್ಟಾಗ ಅದೇ ಟಕ್ ಅನ್ನತ್ತೆ."

ಮೇಷ್ಟ್ರು ಹಿಡಿಯಿಂದ ಕೈ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಅವಳು ಪಕ್ಕದಲ್ಲಿ ಗೋಡೆಗೊರಗಿ ನಿಂತಳು. ಇಬ್ಬರೂ ಆ ಸದ್ದಿಗಾಗಿ ಕಾದರು.