ಹೆಸರಿಲ್ಲದ ರೋಗಕ್ಕೆ ನಾನು ಕೊಟ್ಟ ಹೆಸರು

ಮೂರನೆಯ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ಚಲೋ ನಾದಿದ್ದೆ, ಅಂಚು ಬಿರಿಯದೆ ಅಗಲವಾಗುತ್ತಿತ್ತು. ಬಲಗೈ ಒಮ್ಮೆಲೆ ತಾಳ ತಪ್ಪಿತು. ಹೇಳದೆ ಕೇಳದೆ ತಾನೇ ಬಡಿಯತೊಡಗಿತು. ರೊಟ್ಟಿ ಹರಿದು ಕಲ್ಲಿಗೆ ಅಂಟಿತು. ಬಾಯಿ ಒಂದು ಕಡೆಗೆ ಎಳೆಯಿತು. ಸೊಸೆ ಉಮಾದೇವಿ ನನ್ನನ್ನು ಗೋಡೆಗೆ ಆನಿಸಿ ಕೂಡಿಸಿ, ಹಂಚಿನ ಮೇಲಿನದನ್ನು ತಿರುವಿಹಾಕಿ, ಗಡಿಯಾರ ನೋಡಿದಳು. ಅರ್ಧ ತಾಸಿಗೆ ಎಲ್ಲ ಮೊದಲಿನಂತಾಯಿತು. ನೋಟಬುಕ್ಕಿನಲ್ಲಿ ಬರೆದೆ: ಸೋಮವಾರ, ಮುಂಜಾನೆ ಎಂಟು, ಬಲಗೈ, ಬಾಯಿ, ಮೂವತ್ತು ನಿಮಿಷ.

ಹೀಗೆ ಬರೆದಿಡು ಅಂತ ಯಾವುದೋ ಡಾಕ್ಟರು ಹೇಳಿದ್ದರು. ಈ ರೋಗ ಶುರುವಾಗಿ ಒಂಬತ್ತು ವರ್ಷವಾಯಿತು. ಸೇಡಂನಲ್ಲಿ ರಕ್ತ ಕಡಿಮೆ ಅಂದರು. ಕಲಬುರಗಿಯಲ್ಲಿ ತಲೆಯ ಫೋಟೋ ತೆಗೆದು ನಾರ್ಮಲ್ ಅಂದರು. ಹೈದರಾಬಾದಿನಲ್ಲಿ ತಲೆತುಂಬ ವೈರು ಹಚ್ಚಿ ಅವರೂ ನಾರ್ಮಲ್ ಅಂದರು. ವಯಸ್ಸಾತು, ಚಿಂತಿ ಬಿಡು ಅಂತ ಗುಳಿಗೆ ಕೊಟ್ಟರು. ನಾರ್ಮಲ್ ಅಂದರೆ ನನಗೀಗ ಬೈದಂತೆ ಕೇಳುತ್ತದೆ.

ರೋಗದ ಹೆಸರು ನನಗೆ ಬೇಕಾದದ್ದು ಔಷಧಕ್ಕಷ್ಟೇ ಅಲ್ಲ. ಒಂದು ಪತ್ರ ಅದಕ್ಕಾಗಿ ಕಾದು ಕೂತಿತ್ತು. "ಮಾಣಿಕಮ್ಮ, ನನಗಾದದ್ದು ಇಂಥಾ ರೋಗ ಅಂತ ಡಾಕ್ಟರು ಹೇಳ್ಯಾರ" ಎಂದು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟ ಪತ್ರ.

ಮಾಣಿಕಮ್ಮ ನಮ್ಮ ಪಕ್ಕದ ಮನೆಯಲ್ಲಿದ್ದಳು. ಗಂಡ ಸತ್ತವಳು, ಇರುವವಳು ಒಬ್ಬಳೇ ಮಗಳು, ಆಕೆಯನ್ನೂ ಶಹಾಬಾದಿಗೆ ಕೊಟ್ಟಾಗಿತ್ತು. ಐವತ್ತು ದಾಟಿದ ನನ್ನನ್ನು ರಾತ್ರಿ ಶಾಲೆಗೆ ಎಳೆದುಕೊಂಡು ಹೋದವಳು ಆಕೆಯೇ. ಪಾಟಿ ಮೇಲೆ ನಾನು ಬರೆದದ್ದನ್ನು ನೋಡಿ, "ಅಮೃತಿ, ಇದು ಮ ಅಲ್ಲ, ಕುಂಟ ಆಡು" ಅಂತ ನಗುತ್ತಿದ್ದಳು. ನಕ್ಕು, ಕೈ ಹಿಡಿದು ತಿದ್ದಿಸುತ್ತಿದ್ದಳು.

ಮೊದಲ ಸಲ ನನಗೆ ಹೀಗಾದಾಗ ಊರು ಭಾನಾಮತಿ ಅಂದಿತು. ಯಾರೋ ಮಾಟ ಮಾಡಿದ್ದಾರೆ, ಮಾಡಿದವರ ಹೆಸರು ರೋಗಿಯ ಬಾಯಿಂದಲೇ ಹೊರಡಬೇಕು ಅನ್ನೋದು ನಮ್ಮ ಕಡೆಯ ಮಾತು. ನನ್ನ ಗಂಡನ ಅಣ್ಣ ಕಾಶಪ್ಪನವರು ಅದನ್ನು ಬಿಡಿಸುವವನನ್ನು ಕರೆತಂದರು. ಮುಂಜಾನೆಯಿಂದ ಅಂಗಳದಲ್ಲಿ ಕೂಡಿಸಿ, ಹೆಸರು ಹೇಳು, ಹೆಸರು ಹೇಳು. ಹೇಳುವ ತನಕ ನೀರಿಲ್ಲ. ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಮಾಣಿಕಮ್ಮ ಮಂದಿಯನ್ನು ದಬ್ಬಿ ಒಳಗೆ ಬಂದಳು, ಕೈಯಲ್ಲಿ ನೀರಿನ ತಂಬಿಗೆ. ನಿಮಗೇನರ ಬುದ್ಧಿ ಅದನೋ ಇಲ್ಲೋ, ದವಾಖಾನೆಗೆ ಒಯ್ಯಿರಿ ಅಂತ ಎಲ್ಲರಿಗೂ ಬೈದಳು.

ನಾನು ಆಕೆಯ ಹೆಸರು ಹೇಳಿದೆ.

ಮಾಟ ಮಾಡಿದವರ ಹಲ್ಲು ಮುರಿದರೆ ಅವರ ಮಂತ್ರ ಹತ್ತುವುದಿಲ್ಲವಂತೆ. ಕಾಶಪ್ಪನವರೇ ಕಲ್ಲು ತಗೊಂಡರು. ಮುಂದಿನ ಎರಡು ಹಲ್ಲು. ಪೊಲೀಸರು ಬಂದು ಕೇಳಿದಾಗ ಊರಿಗೆ ಊರೇ ನೋಡಿಲ್ಲ ಅಂದಿತು. ನಾನೂ ಅಂದೆ. ಆಕೆ ಮಗಳ ಮನೆಗೆ ಹೋದಳು. ಎಂಟು ದಿನ ಕಳೆದ ಮೇಲೆ ನನ್ನ ಕೈ ಮತ್ತೆ ತಾನೇ ಬಡಿಯಿತು. ಆಗ ಯಾರೂ ಹೆಸರು ಕೇಳಲಿಲ್ಲ.

ಇಷ್ಟು ವರ್ಷ ನನ್ನ ಹತ್ತಿರ ಇದ್ದದ್ದು ಒಂದೇ ಸಮಾಧಾನ. ಅದು ನಾನಲ್ಲ, ರೋಗ ಆಡಿಸಿದ ಮಾತು. ರೋಗಕ್ಕೆ ಹೆಸರು ಸಿಕ್ಕ ದಿನ ಹಾಗೇ ಬರೆದು ಕಳಿಸಬೇಕು ಅಂತಿದ್ದೆ.

ಹೋದ ತಿಂಗಳು ಮಗ ಬಸವಲಿಂಗ ಕಲಬುರಗಿಗೆ ಹೊಸದಾಗಿ ಬಂದ ನರದ ಡಾಕ್ಟರ ಹತ್ತಿರ ಕರೆದೊಯ್ದ. ಸಣ್ಣ ವಯಸ್ಸಿನ ಹೆಣ್ಣುಮಗಳು. ನನ್ನ ನೋಟಬುಕ್ಕನ್ನು ಮೊದಲಿಂದ ಕೊನೆಯತನಕ ಓದಿದವರು ಆಕೆಯೊಬ್ಬರೇ.

"ಹಿಂಗ ಆದಾಗ ಮಾತು ಬರ್ತದೇನಮ್ಮ? ತೊದಲ್ಕೋತ ಆದ್ರೂ?"

"ಇಲ್ಲರಿ. ಒಂದಕ್ಷರ ಸೈತ ಹೊರಡಂಗಿಲ್ಲ."

"ಒಮ್ಮೆನೂ ಇಲ್ಲ?"

"ಒಮ್ಮೆನೂ ಇಲ್ಲರಿ."

ಆಕೆ ಬರೆದುಕೊಂಡರು. ನಾನು ನನ್ನ ಉತ್ತರವನ್ನೇ ಕೇಳುತ್ತ ಕೂತೆ. ಅವತ್ತು ಅಂಗಳದಲ್ಲಿ ಹೆಸರು ಸ್ಪಷ್ಟವಾಗಿ ಹೇಳಿದ್ದೆ, ಎರಡು ಸಲ. ಅಂದರೆ ಆ ಹೊತ್ತಿಗೆ ರೋಗ ಇಳಿದಿತ್ತು. ನಾಲಿಗೆ ನನ್ನದೇ ಇತ್ತು. ಬೇರೆ ಯಾರ ಹೆಸರು ಹೇಳಿದ್ದರೂ ಅವರ ಗಂಡ, ಮೈದುನ ಬಡಿಗೆ ಹಿಡಿದು ಬರುತ್ತಿದ್ದರು. ಮಾಣಿಕಮ್ಮನ ಹಿಂದೆ ಯಾರಿದ್ದರು? ಗಂಟಲು ಒಣಗಿದ್ದರೂ ಅಷ್ಟು ಬುದ್ಧಿ ನನಗೆ ಓಡಿತ್ತು.

ಡಾಕ್ಟರು ಸುಳ್ಳು ಹೇಳಲಿಲ್ಲ. ಏನೋ ಅದ ಅಮ್ಮ, ಖರೆ, ಆದರ ಅದರ ಹೆಸರು ಈಗ ನಾ ಹೇಳಲಾರೆ, ಆರು ತಿಂಗಳಿಗೆ ಮತ್ತೆ ಬರ್ರಿ ಅಂದರು.

ಮನೆಗೆ ಬಂದು ಹಳೆಯ ಕಾಗದ ಹರಿದು ಹೊಸದು ಬರೆಯಲು ಕೂತೆ. ಬಸವಲಿಂಗ ಭುಜದ ಮೇಲಿಂದ ಇಣುಕಿ ಓದಿದ. ದೊಡ್ಡಪ್ಪನ ಹೆಸರು ಕಂಡು ಅವನ ಮುಖ ಸಣ್ಣದಾಯಿತು.

"ಮುಗಿದದ್ದು ಯಾಕ ಕೆದಕ್ತಿ, ಅವ್ವ?"

"ಆಕಿ ಒಂಬತ್ತು ವರ್ಷದಿಂದ ರೊಟ್ಟಿ ನೆನಸಿ ತಿನ್ನಾಕತ್ತಾಳ. ಮುಗಿದದ್ದು ನಮಗ."

ಅವನು ಎದ್ದು ಹೊರಗೆ ಹೋದ. ನಾನು ಬರೆದದ್ದು ಇಷ್ಟು:

"ಮಾಣಿಕಮ್ಮ, ನನ್ನ ರೋಗಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ. ಸಿಕ್ಕರೂ ನಿನಗೆ ಅದರಿಂದ ಏನೂ ಇಲ್ಲ. ನಿನ್ನ ಹೆಸರು ರೋಗ ಹೇಳಲಿಲ್ಲ, ನಾನು ಹೇಳಿದೆ. ಎಚ್ಚರ ಇದ್ದೇ ಹೇಳಿದೆ. ಕಲ್ಲು ಹಿಡಿದವರು ಕಾಶಪ್ಪನವರು, ನಾನು ಕಣ್ಣಾರೆ ನೋಡಿದ್ದೇನೆ. ಈ ಕಾಗದ ಯಾರಿಗೆ ಬೇಕಾದರೂ ತೋರಿಸು. ಕೆಳಗೆ ನನ್ನ ಸಹಿ ಅದ."

ಕ್ಷಮಿಸು ಅಂತ ಬರೆಯಲಿಲ್ಲ. ಬರೆದರೆ ಆ ಭಾರವೂ ಆಕೆಯ ತಲೆಯ ಮೇಲೇ ಬೀಳುತ್ತದೆ. ಸಹಿ ಮಾಡುವಾಗ ಕೈ ಎಳೆಯಿತು, ಅಮೃತಮ್ಮನ ಮ ಕುಂಟಿತು. ತಿದ್ದಲಿಲ್ಲ. ನನ್ನದೇ ಅಂತ ಆಕೆಗೆ ಗುರುತು ಸಿಗಲಿ.

ಮಾರನೆಯ ದಿನ ಉಮಾದೇವಿ ಕೇಳದೆಯೇ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಸೇಡಂ ಅಂಚೆ ಕಚೇರಿಯ ಮುಂದೆ, ಕೊಡ್ರಿ ಅತ್ತಿ, ನಾ ಹಾಕ್ತೀನಿ ಅಂತ ಕೈ ಚಾಚಿದಳು. ಕೊಡಲಿಲ್ಲ. ಬಲಗೈ ಆಗಲೇ ಜುಮುಗುಟ್ಟುತ್ತಿತ್ತು. ಎಡಗೈಯಿಂದ ಹಾಕಿದೆ.